ಅಜ್ಜಿಯ ಅರ್ಧ ಲೀಟರ್ ಹಾಲು

ನಮ್ಮಜ್ಜಿ ಪಕ್ಕದ ಮನೆಯಿಂದ ಹಾಲು ಕೊಂಡು ಡೈರಿಗೆ ಹಾಕುತ್ತಾಳೆ. ಹೌದು, ಸರಿಯಾಗಿಯೇ ಓದಿದಿರಿ. (ಮನೆಯ ಕಾಫಿಗೆ ಪ್ಯಾಕೆಟ್ ಹಾಲು.)

ಇದಕ್ಕೆ ಕಾರಣ ನಾನೇ. ಬೇಸಿಗೆಯಲ್ಲಿ ಮಂಡ್ಯದಿಂದ ಹತ್ತಿರದಲ್ಲೇ ಇರುವ ಅಜ್ಜಿಯ ಊರು ಕೊಪ್ಪಕ್ಕೆ ಹೋದಾಗ, ಅರ್ಥಶಾಸ್ತ್ರ ಓದಿದ ಧೈರ್ಯದಲ್ಲಿ ಅಜ್ಜಿಗೆ ಪಾಠ ಮಾಡಿದ್ದೆ. ನಿನ್ನ ಹಸುವಿಗೆ ವಯಸ್ಸಾಗಿದೆ, ಅದು ಕೊಡುವ ಹಾಲು ಅದರ ಬೂಸಾಕ್ಕೂ ಸಾಲದು. ಬರೀ ಅಭ್ಯಾಸಕ್ಕೆ ಸಾಕುತ್ತಿದ್ದೀಯ, ಮಾರಿಬಿಡು. ಚಿಕ್ಕಪ್ಪನೂ ಹೂಂ ಅಂದರು. ಗದ್ದೆ ಬದುವಿನಲ್ಲಿ ಬೇಕಾದಷ್ಟು ಹುಲ್ಲಿರುವ ಪಕ್ಕದ ಮನೆಯ ಪುಟ್ಟಮ್ಮ ಹಸುವನ್ನು ಹೊಡೆದುಕೊಂಡು ಹೋದರು. ನನ್ನ ಲೆಕ್ಕ ಗೆದ್ದಿತು.

ಚಿಕ್ಕವಳಿದ್ದಾಗ ರಜೆ ಬಂದರೆ ನಾನೂ ಅಜ್ಜಿಯ ಸೆರಗು ಹಿಡಿದು ಡೈರಿಗೆ ಹೋಗುತ್ತಿದ್ದೆ. ಆಗತಾನೇ ಕರೆದ ಹಾಲು. ಕ್ಯಾನಿಗೆ ಕೆನ್ನೆ ತಾಗಿಸಿದರೆ ಬೆಚ್ಚಗಿರುತ್ತಿತ್ತು. ಹಾಲು ಅಳೆಯಲು ಅರ್ಧ ನಿಮಿಷ, ಮನೆಗೆ ಮರಳಲು ಒಂದು ಗಂಟೆ. ಯಾರ ಸೊಸೆ ಮುನಿಸಿಕೊಂಡಳು, ಯಾರ ಮನೆಗೆ ಹೆಣ್ಣು ನೋಡಲು ಬಂದರು, ಎಲ್ಲವೂ ಡೈರಿ ಮುಂದಿನ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಹಸು ಮಾರಿಸುವಾಗ ಇದು ನನಗೇಕೆ ನೆನಪಾಗಲಿಲ್ಲ?

ಕಳೆದ ಭಾನುವಾರ ಮತ್ತೆ ಕೊಪ್ಪದಲ್ಲಿದ್ದೆ. ಬೆಳಿಗ್ಗೆ ಎದ್ದರೆ ಅಜ್ಜಿ ಅದೇ ಕ್ಯಾನು ತೊಳೆಯುತ್ತಿದ್ದಾಳೆ! ಹಿಂದೆಯೇ ಹೋದೆ. ಪುಟ್ಟಮ್ಮ ತಮ್ಮ ಜಗಲಿಯಲ್ಲೇ ಅರ್ಧ ಲೀಟರ್ ಅಳೆದು ಸುರಿದರು. ನಮ್ಮದೇ ಹಸುವಿನ ಹಾಲು, ಅದೂ ಡೈರಿ ಕೊಡುವುದಕ್ಕಿಂತ ಹೆಚ್ಚಿನ ಬೆಲೆಗೆ. ಆಮೇಲೆ ಇಬ್ಬರೂ ಒಟ್ಟಿಗೆ ಡೈರಿಯ ಸಾಲಿನಲ್ಲಿ ನಿಂತರು.

"ಏನ್ ಜಯಮ್ಮಕ್ಕ, ಅಸ ಇಲ್ದೆ ಕ್ಯಾನೇ ಆಲ್ ಕೊಡ್ತದಾ?" ಪುಟ್ಟಮ್ಮ ಎಲ್ಲರಿಗೂ ಕೇಳುವಂತೆ ಕೆಣಕಿದರು.

"ಊಂ ಕಣವ್ವ, ನಿನ್ ಅಸಿಗಿಂತ ಗಟ್ಟಿ ಆಲ್ ಕೊಡ್ತದೆ, ಓಗು."

ಸಾಲಿಗೆ ಸಾಲೇ ನಕ್ಕಿತು. ಅಜ್ಜಿ ಅಷ್ಟು ನಕ್ಕಿದ್ದನ್ನು ಮನೆಯಲ್ಲಿ ನೋಡಿ ಎಷ್ಟು ದಿನವಾಗಿತ್ತೋ.

ಮೆಲ್ಲಗೆ ಕೇಳಿದೆ: "ಸುಮ್ಮನೆ ಬಂದು ಮಾತಾಡಿಕೊಂಡು ಹೋಗಬಹುದಲ್ಲ ಅಜ್ಜಿ? ಹಾಲು ಯಾಕೆ?"

"ಬರಿಗೈಲಿ ಬಂದ್ ನಿಂತ್ಕಂಡ್ರೆ, ಜನ ಮುದ್ಕಿಗೆ ಕ್ಯಾಮೆ ಇಲ್ಲ ಅನ್ನಾಕಿಲ್ವಾ? ನೀನು ಓದಿರೋಳು, ಅಷ್ಟೂ ತಿಳಿಯಾಕಿಲ್ವಾ ಕಣಮ್ಮ?"

ಕಾಲೇಜಿನ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತಿತ್ತು: ನಷ್ಟದ ಅಭ್ಯಾಸ ಎಷ್ಟು ದಿನ ಉಳಿದೀತು? ನಾನು ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ.

ಮನೆಗೆ ಬಂದು ಪ್ಯಾಕೆಟ್ ಹಾಲಿನ ಕಾಫಿ ಕುಡಿದೆವು. ಅಜ್ಜಿ ಕ್ಯಾನನ್ನು ತೊಳೆದು, ನಾಳೆಗೆಂದು ಬೋರಲು ಹಾಕಿದಳು.

ನೀವೇ ಹೇಳಿ, ಹಸು ಮಾರಿಸಿ ನಾನು ಉಳಿಸಿದ್ದಾದರೂ ಏನನ್ನು?