ಮುಗಿಯಬಾರದ ಆರಾಧನೆ

ವೀಬೆ ಸತ್ತಾಗ ಪಕ್ಕದಲ್ಲಿದ್ದವಳು ಹೆಂಡತಿ ರಿಮ್ಕೆ ಅಲ್ಲ, ಜರ್ಮೀನಾ. ರಿಮ್ಕೆಗೆ ಅದನ್ನು ನುಂಗಿಕೊಳ್ಳಲು ಆಗಲೇ ಇಲ್ಲ.

ವೀಬೆ ಫ್ರೀಸ್‌ಲ್ಯಾಂಡಿನ ಒಂದು ಹಳ್ಳಿ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದವನು, ಬಾಗಿಲು ನೋಡಿಕೊಳ್ಳುತ್ತಿದ್ದವನು. ಜರ್ಮೀನಾ ಮಗಳನ್ನು ಕಟ್ಟಿಕೊಂಡು ಅಫ್ಘಾನಿಸ್ತಾನದಿಂದ ಓಡಿಬಂದವಳು. ನಿನ್ನ ಊರು ಈಗ ಸುರಕ್ಷಿತ, ವಾಪಸ್ ಹೋಗು ಎಂದಿತು ಸರ್ಕಾರ. ಅವಳ ಗಂಡನನ್ನು ಕೊಂದ ಊರು ಅದು. ಹಳ್ಳಿಯವರು ತಾಯಿ ಮಗಳನ್ನು ಚರ್ಚಿನೊಳಗೆ ಇರಿಸಿಕೊಂಡರು. ಆರಾಧನೆ ನಡೆಯುವಾಗ ಪೊಲೀಸರು ಒಳಗೆ ಕಾಲಿಡುವಂತಿಲ್ಲ, ಕಾನೂನೇ ಹಾಗಿದೆ. ಹಾಗಾಗಿ ಆರಾಧನೆ ಮುಗಿಯದಂತೆ ನೋಡಿಕೊಂಡರು. ಹಗಲು ರಾತ್ರಿ, ಸರದಿಯ ಮೇಲೆ. ಒಬ್ಬರ ಗಂಟಲು ಕಟ್ಟಿದರೆ ಇನ್ನೊಬ್ಬರು ಓದಬೇಕು, ಹಾಡಬೇಕು.

ವೀಬೆ ಮನೆಗೆ ಬರುವುದನ್ನೇ ಬಿಟ್ಟ. ಬಂದರೂ ಬಟಾಣಿ ಸೂಪು ತುಂಬಿಸಿಕೊಂಡು ಹೋಗಲಿಕ್ಕೆ. ಮನೆಯಲ್ಲಿ ಬಾಯಿ ಬಿಡದ ಗಂಡಸು ಅಲ್ಲಿ ಆ ಹೆಂಗಸಿಗೆ ಮಾತು ಕಲಿಸುತ್ತಾನೆ, ನಗಿಸುತ್ತಾನೆ.

"ನಿನ್ನ ಬಾಯಿಂದ ಎರಡು ಮಾತು ಕೇಳೋಕೆ ನಾನೂ ದೇಶ ಬಿಟ್ಟು ಓಡಿ ಬರ್ಬೇಕಾ?" ಎಂದು ರಿಮ್ಕೆ ಕೇಳಿದ್ದಳು.

ವೀಬೆ ಪಾತ್ರೆಯ ಮುಚ್ಚಳ ಒತ್ತಿ ಹೊರಟ. ಆ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ಗಂಟೆಯ ಹಗ್ಗದ ಕೆಳಗೆ ಕುಸಿದ. ರಿಮ್ಕೆ ಓಡಿ ಬರುವಷ್ಟರಲ್ಲಿ ಅವನ ತಲೆ ಜರ್ಮೀನಾಳ ತೊಡೆಯ ಮೇಲಿತ್ತು. ಜೀವ ಇರಲಿಲ್ಲ.

ಹೂತು ಬಂದ ಮೇಲೂ ರಿಮ್ಕೆ ಚರ್ಚಿಗೆ ಹೋಗುತ್ತಿದ್ದಳು. ಕಾಫಿ ಮಾಡುವುದು ಅವಳ ಕೆಲಸ. ಜರ್ಮೀನಾ ಅವಳನ್ನು ಖಾಲಾ ಎನ್ನುತ್ತಿದ್ದಳು, ಅವರಲ್ಲಿ ಚಿಕ್ಕಮ್ಮನಿಗೆ ಹಾಗೆ. ರಿಮ್ಕೆ ಓಗೊಡುತ್ತಿರಲಿಲ್ಲ. ಆ ಹೆಂಗಸು ವೀಬೆಯನ್ನು ನೆನೆದು ಕಣ್ಣೊರೆಸಿಕೊಂಡರೆ ರಿಮ್ಕೆಯ ಮೈ ಉರಿಯುತ್ತಿತ್ತು. ಅಳಲಿಕ್ಕೆ ಇವಳ್ಯಾರು?

ಆ ದಿನ ಓದುವ ಸರದಿ ಸ್ಯೂರ್ಡ್ ಮುದುಕನದು. ದನ ಸಾಕುವವನು. ಹಸು ಕರು ಹಾಕಿದ್ದರಿಂದ ಹಿಂದಿನ ರಾತ್ರಿ ನಿದ್ದೆಯಿಲ್ಲ. ಓದಿದ, ಪುಸ್ತಕ ಮುಚ್ಚಿದ. ಹುಟ್ಟಿದಾಗಿನಿಂದ ನೋಡಿದ ಅಭ್ಯಾಸ, ಕೈ ಎತ್ತಿ ಆಶೀರ್ವಾದ ಹೇಳಿಬಿಟ್ಟ. ಆಶೀರ್ವಾದ ಆಯಿತೆಂದರೆ ಆರಾಧನೆ ಮುಗಿಯಿತು. ಆಮೆನ್ ಕೇಳಿದ್ದೇ ತಡ, ಎಲ್ಲರ ಕಾಲು ತಾವಾಗಿ ಕಾಫಿಯ ಕಡೆ ನಡೆದವು. ರಿಮ್ಕೆಯೂ ಬಗ್ಗಿಸಿ ಕೊಟ್ಟಳು.

ಬಾಗಿಲು ತೆರೆಯಿತು. ದಿನವೂ ಹೊರಗೆ ವ್ಯಾನಿನಲ್ಲಿ ಕಾಯುತ್ತಿದ್ದ ಇಬ್ಬರು ಪೊಲೀಸರು.

"ಮುಗೀತಾ?" ಎಂದ ಚಿಕ್ಕವನು.

"ಮುಗಿದಿದೆ ಬಿಡೋ. ಎಲ್ಲಾರ ಕೈಲೂ ಕಾಫಿ ಇದೆ," ಎಂದ ದೊಡ್ಡವನು.

ಸ್ಯೂರ್ಡ್‌ನ ಕೈ ಇನ್ನೂ ಮೇಲೇ ಇತ್ತು. ಹೋಗಲಿ, ಎಂದುಕೊಂಡಳು ರಿಮ್ಕೆ. ಇವಳು ಹೋದರೆ ವೀಬೆ ನನ್ನೊಬ್ಬಳಿಗೇ ಉಳಿಯುತ್ತಾನೆ. ನಿಜವಾಗಿಯೂ ಹಾಗೇ ಅಂದುಕೊಂಡಳು.

ಚಿಕ್ಕವನು ಜರ್ಮೀನಾಳ ತೋಳು ಹಿಡಿದ. ಅವಳು ಹಾಕಿಕೊಂಡಿದ್ದದ್ದು ವೀಬೆಯ ಕಂದು ಸ್ವೆಟರ್. ರಿಮ್ಕೆ ಹೆಣೆದದ್ದು. ಇವಳಿಗೆ ಅದನ್ನೂ ಕೊಟ್ಟಿದ್ದನಲ್ಲ, ಪುಣ್ಯಾತ್ಮ. ಆ ತೋಳನ್ನು ಈಗ ಯಾವನೋ ಬಂದು ಹಿಸುಕುತ್ತಿದ್ದಾನೆ.

"ಕೈ ತೆಗಿಯೋ," ಎಂದಳು ರಿಮ್ಕೆ. "ಆರಾಧನೆ ನಡೀತಿದೆ."

"ಮುಗೀತಲ್ಲಮ್ಮಾ."

"ಅದು ಮುಗೀತು. ಇದು ಇನ್ನೊಂದು."

ಕಾಫಿ ಜಗ್ಗು ಹಿಡಿದುಕೊಂಡೇ ಕೀರ್ತನೆ ಎತ್ತಿದಳು. ದನಿ ಒಡೆದಿತ್ತು. ಸ್ಯೂರ್ಡ್ ಸೇರಿದ, ಆಮೇಲೆ ಎಲ್ಲರೂ. ದೊಡ್ಡವನು ಟೋಪಿ ತೆಗೆದ. "ಬಾರೋ, ಶುರುವಾಯ್ತು," ಎಂದು ಚಿಕ್ಕವನನ್ನು ಹೊರಗೆ ಎಳೆದುಕೊಂಡು ಹೋದ.

ಜರ್ಮೀನಾಳೂ ಹಾಡುತ್ತಿದ್ದಳು. ಮೂರನೇ ಸಾಲಿನಲ್ಲಿ ಅವಳ ದನಿ ಎಲ್ಲರಿಗಿಂತ ಹಿಂದೆ ಬಿತ್ತು, ಎಳೆಯಿತು, ಆಮೇಲೆ ಓಡಿಬಂದು ಸೇರಿಕೊಂಡಿತು. ವೀಬೆ ಹಾಡುತ್ತಿದ್ದದ್ದು ಹಾಗೇ. ಊರಲ್ಲಿ ಬೇರೆ ಯಾರೂ ಹಾಗೆ ಹಾಡುವುದಿಲ್ಲ. ರಿಮ್ಕೆಯ ಬಾಯಿ ನಿಂತಿತು.

ಉಳಿದವರು ಹಾಡುತ್ತಿದ್ದಾಗ ಜರ್ಮೀನಾಳ ಹತ್ತಿರ ಹೋದಳು. "ಆ ಸಾಲು ಹಾಗೆ ಎಳೀಬಾರ್ದು."

"ಬಾಬಾ ಹಾಗೇ ಹೇಳಿಕೊಟ್ಟಿದ್ದು, ಖಾಲಾ." ವೀಬೆ ಅವಳಿಗೆ ಬಾಬಾ, ಅಪ್ಪ.

"ಅವನಿಗೆ ಹಾಡೋಕೆ ಎಲ್ಲಿ ಬರ್ತಿತ್ತು? ಮದುವೆ ಆದಾಗಿಂದ ನನ್ನ ಕಿವೀಲಿ ಎಳೆದಿದ್ದಾನೆ."

"ತಿದ್ಕೊಳ್ಳಲಾ?"

ಹೊಟ್ಟೆ ಇನ್ನೂ ಉರಿಯುತ್ತಿತ್ತು. ರಿಮ್ಕೆ ಜಗ್ಗು ಕೆಳಗಿಟ್ಟು ಮುಂದಿನ ಬೆಂಚಿನಲ್ಲಿ ಕುಳಿತಳು.

"ಬೇಡ," ಎಂದಳು. "ಸ್ಯೂರ್ಡ್, ಅದನ್ನೇ ಮೊದಲಿಂದ ಎತ್ತು."