ತಪ್ಪೇ ಮಾಡದ ಕೈ

ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ರೇಷ್ಮೆ ಸೀರೆ ಒಗೆಯಲೆಂದು ಅಂಟುವಾಳಕಾಯಿ ನೆನೆಹಾಕಿದ್ದಳು. ಬಚ್ಚಲ ಕಡೆಯಿಂದ ಆ ವಾಸನೆ ಬಂದದ್ದೇ ತಡ, ನನಗೆ ಬೆಂಕಿ ಉಗುಳುವ ಆಮೆಯೊಂದು ನೆನಪಾಯಿತು. ನಗಬೇಡಿ. ಅಂಟುವಾಳಕ್ಕೂ ಆಮೆಗೂ ಎಲ್ಲಿಯ ಸಂಬಂಧ ಎಂದು ಅವಳೂ ಕೇಳಿದಳು. ಸಂಬಂಧವಿದೆ, ಆದರೆ ಸ್ವಲ್ಪ ಸುತ್ತಿ ಬಳಸಿ ಹೇಳಬೇಕು. ನೆಟ್ಟಗೆ ಹೇಳುವ ಅಭ್ಯಾಸ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

ನಾವು ಅಕ್ಕಸಾಲಿಗರು. ನಾನು ಪಾಂಡವಪುರದಲ್ಲಿ ಮನೆ ಮಾಡಿ, ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಕುಲಕಸುಬಿನಿಂದ ತಪ್ಪಿಸಿಕೊಂಡವನು. ಚಿಕ್ಕಪ್ಪ ಮಾತ್ರ ಕೆ.ಆರ್. ಪೇಟೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಕೆಲಸ ಮುಂದುವರಿಸಿದ್ದರು. ಒಡವೆ ತೊಳೆಯಲು ಅಂಟುವಾಳದ ನೀರು ಅಲ್ಲಿ ಸದಾ ಒಂದು ಬೋಗುಣಿಯಲ್ಲಿ ನೊರೆಯಾಡುತ್ತಿತ್ತು. ಕೊರೋನಾ ಕಾಲದಲ್ಲಿ ಅಂಗಡಿ ಮುಚ್ಚಿ ಚಿಕ್ಕಪ್ಪ ಚಡಪಡಿಸುತ್ತಿದ್ದಾಗ, ನನ್ನ ಹಳೇ ಕಂಪ್ಯೂಟರನ್ನು ಅದೇ ಕೋಣೆಯಲ್ಲಿ ಕೂರಿಸಿ ಒಂದು ಆನ್‌ಲೈನ್ ಆಟ ಹಚ್ಚಿಕೊಟ್ಟವನು ನಾನು. ಆ ಆಟದಲ್ಲಿ ನಮಗೊಂದು ಪಾತ್ರ ಇರುತ್ತದೆ. ಅದಕ್ಕೆ ಆಯುಧ, ಉಂಗುರ, ಕವಚ ಕೂಡಿಸಿ, ಹತ್ತು ಜನ ಸೇರಿ ದೊಡ್ಡ ದೊಡ್ಡ ಪ್ರಾಣಿಗಳನ್ನು ಕೊಲ್ಲಬೇಕು. ಬೇಸರ ಕಳೆಯಲಿ ಎಂದು ಕೊಟ್ಟದ್ದು, ಅಂಗಡಿ ಮತ್ತೆ ತೆರೆದ ಮೇಲೂ ಬಿಡಲಿಲ್ಲ.

ಚಿಕ್ಕಪ್ಪ ತಮ್ಮ ಪಾತ್ರಕ್ಕೆ ಚಿಕ್ಕಮ್ಮನ ಹೆಸರನ್ನೇ ಇಟ್ಟಿದ್ದರು: ಪದ್ಮ. ಬಿಲ್ಲು ಹಿಡಿದು, ನವಿಲುಬಣ್ಣದ ಕವಚ ತೊಟ್ಟು ಪದ್ಮ ಓಡಾಡುತ್ತಿದ್ದಳು. ತೊಂದರೆ ಏನೆಂದರೆ ಅವಳು ಬಹಳ ಸಲ ಸಾಯುತ್ತಿದ್ದಳು.

"ಅಯ್ಯೋ, ಪದ್ಮ ಸತ್ಲು ಕಣ್ಲಾ!" ಎಂದು ಚಿಕ್ಕಪ್ಪ ಕೂಗುವರು.

"ಇನ್ನೂ ಬದ್ಕಿವ್ನಿ. ಕಾಫಿ ಬೇಕಾ?" ಎಂದು ಅಡುಗೆಮನೆಯಿಂದ ಉತ್ತರ ಬರುವುದು.

ನಮ್ಮ ತಂಡದ ನಾಯಕಿ ನಾಗಮಂಗಲದ ಕಡೆ ದೇವಲಾಪುರದ ಸವಿತ. ಮನೆಯಲ್ಲಿ ನಾಲ್ಕು ಹಸು. ಅದಕ್ಕೇ ನಮ್ಮ ಯುದ್ಧವೆಲ್ಲ ಭಾನುವಾರ ಮಧ್ಯಾಹ್ನ, ಊಟ ಮುಗಿದ ಮೇಲೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಮುಂಚೆ. ಎಂಥ ರಾಕ್ಷಸನೇ ಎದುರಿಗಿರಲಿ, ಸವಿತಳ ಮೈಕಿನಲ್ಲಿ ಹಸು "ಅಂಬಾ" ಎಂದರೆ ಅಂದಿನ ಯುದ್ಧ ಮುಗಿಯಿತು. ಇಂಥ ಕಟ್ಟುನಿಟ್ಟಿನ ನಾಯಕಿ ಒಂದು ಭಾನುವಾರ ನನಗೆ ಬೇರೆಯಾಗಿ ಫೋನ್ ಮಾಡಿದಳು. ಆ ಬೆಂಕಿ ಉಗುಳುವ ಆಮೆ ಒಂದು ತಿಂಗಳಿಂದ ನಮ್ಮನ್ನು ಸುಟ್ಟು ಬೂದಿ ಮಾಡುತ್ತಿತ್ತು.

"ಅಣ್ಣಾ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಚಿಕ್ಕಪ್ಪಾರ ಏಟು ಸಾಕಾಗ್ತಿಲ್ಲ. ನಾಗಮಂಗಲದಿಂದ ಇನ್ನೊಬ್ರು ಬತ್ತೀನಿ ಅಂತಾವ್ರೆ. ಇನ್ನೆರಡು ವಾರ ನೋಡ್ತೀನಿ, ಅಷ್ಟೆ."

ಚಿಕ್ಕಪ್ಪನಿಗೆ ಆ ಜಾಗ ತಪ್ಪಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆಗಲೇ ಎರಡು ವರ್ಷದಿಂದ ಅವರು ಹರಳು ಕೂರಿಸುವ ಸೂಕ್ಷ್ಮ ಕೆಲಸ ಬಿಟ್ಟಿದ್ದರು. ಮೂಗುಬಟ್ಟು ತಂದವರಿಗೆ "ಕಣ್ಣು ಮಂಜು ಕಣಪ್ಪ" ಎಂದು ಹೇಳಿ ಬೇರೆಯವರ ಹತ್ತಿರ ಕಳಿಸುತ್ತಿದ್ದರು. ನಾವೂ ನಂಬಿ, ಒಂದಾದ ಮೇಲೊಂದು ಮೂರು ಕನ್ನಡಕ ಮಾಡಿಸಿದ್ದೆವು. ವಾರವಿಡೀ ಅಂಗಡಿಯಲ್ಲಿ ಸುಮ್ಮನೆ ಕೂರುವ ಮನುಷ್ಯನಿಗೆ, ಒಂಬತ್ತು ಜನ ತನ್ನನ್ನು ಕಾಯುತ್ತಾರೆ ಎಂಬ ಸಡಗರ ಇದ್ದದ್ದು ಆ ಭಾನುವಾರ ಒಂದರಲ್ಲೇ. ಅದನ್ನೂ ಕಿತ್ತುಕೊಳ್ಳುವುದೆಂದರೆ ನನ್ನ ಕೈಯಲ್ಲಿ ಆಗದ ಮಾತು.

ಆಗ ನಾನು ಸಿಮ್ಯುಲೇಟರಿನ ಮೊರೆ ಹೋದೆ. ಇದೊಂದು ಲೆಕ್ಕದ ಯಂತ್ರ. ನಿಮ್ಮ ಪಾತ್ರದ ಆಯುಧ, ಉಂಗುರಗಳನ್ನೆಲ್ಲ ಅದಕ್ಕೆ ಹೇಳಿಬಿಟ್ಟರೆ, ತನ್ನೊಳಗೇ ಹತ್ತು ಸಾವಿರ ಸಲ ಅಣಕು ಯುದ್ಧ ಮಾಡಿ, ಯಾವುದನ್ನು ತೊಟ್ಟು, ಯಾವ ಬಟನ್ ಆದ ಮೇಲೆ ಯಾವ ಬಟನ್ ಒತ್ತಿದರೆ ಏಟು ಹೆಚ್ಚು ಎಂದು ಹೇಳುತ್ತದೆ. ಅದರ ವಿಷಯದಲ್ಲಿ ನಾನು ಪಂಡಿತ ಎಂಬ ಹೆಮ್ಮೆ ನನಗೆ. ಎರಡು ರಾಗಿಮುದ್ದೆ ನುಂಗುವಷ್ಟು ಹೊತ್ತಿನಲ್ಲಿ ಉತ್ತರ ಬಂತು: ಬಿಲ್ಲು ಬಿಸಾಕಿ ಜೋಡಿ ಚೂರಿ ಹಿಡಿಯಬೇಕು, ಹನ್ನೆರಡು ಬಟನ್ ಇಂಥದೇ ಸರದಿಯಲ್ಲಿ ಒತ್ತಬೇಕು. ಅದನ್ನು ರಟ್ಟಿನ ಮೇಲೆ ಬರೆದು ಕೆ.ಆರ್. ಪೇಟೆಗೆ ಹೋಗಿ ಚಿಕ್ಕಪ್ಪನ ಕಂಪ್ಯೂಟರಿಗೆ ಅಂಟಿಸಿ ಬಂದೆ.

ಮುಂದಿನ ಭಾನುವಾರ ಪದ್ಮಳ ಏಟು ಯಂತ್ರ ಹೇಳಿದ್ದರಲ್ಲಿ ಅರ್ಧಕ್ಕೂ ಬರಲಿಲ್ಲ. ಬಿಲ್ಲು ಹಿಡಿದಿದ್ದಾಗಿನದಕ್ಕಿಂತಲೂ ಕಮ್ಮಿ! ನನಗೆ ಸಿಟ್ಟು ಬಂತು. "ಬರೆದುಕೊಟ್ಟಿದ್ದನ್ನ ನೋಡ್ಕೊಂಡು ಒತ್ತೋಕೂ ಆಗಲ್ವ ಚಿಕ್ಕಪ್ಪಾ?" ಎಂದು ಫೋನಿನಲ್ಲಿ ರೇಗಿಬಿಟ್ಟೆ. ಅವರು ಫೋನ್ ಇಟ್ಟುಬಿಟ್ಟರು. ಆ ಮಾತಿಗೆ ಈಗಲೂ ನಾಚುತ್ತೇನೆ.

ಆಟದಲ್ಲಿ ಯಾರು ಯಾವಾಗ ಯಾವ ಬಟನ್ ಒತ್ತಿದರು ಎಂಬ ದಾಖಲೆ ಉಳಿಯುತ್ತದೆ. ಚಿಕ್ಕಪ್ಪನ ತಪ್ಪು ಹಿಡಿಯಲೆಂದೇ ಅದನ್ನು ತೆರೆದೆ. ಸರದಿ ಸರಿಯಾಗಿಯೇ ಇತ್ತು. ಆದರೆ ಮೂರನೇ ಬಟನ್ ಒತ್ತುವ ಕಡೆ ಎರಡನೆಯದೂ ಮೂರನೆಯದೂ ಒಟ್ಟಿಗೆ ಬಿದ್ದಿದ್ದವು, ಐದನೆಯದನ್ನು ಒತ್ತುವ ಕಡೆ ಐದು ಐದು ಐದು. ಓದುತ್ತ ಓದುತ್ತ ನನಗೆ ಹೊಳೆಯಿತು. ಚಿಕ್ಕಪ್ಪನಿಗೆ ಸೋತದ್ದು ಕಣ್ಣಲ್ಲ, ಕೈ. ಅಕ್ಕಸಾಲಿಗ ಕಣ್ಣು ಹೋಯಿತೆಂದು ಹತ್ತು ಜನರ ಮುಂದೆ ಹೇಳಿಯಾನು. ಕೈ ನಡುಗುತ್ತದೆಂದು ಹೆಂಡತಿಯ ಮುಂದೂ ಹೇಳಲಾರ.

ಮಾರನೇ ದಿನವೇ ರಜೆ ಹಾಕಿ ಬಸ್ಸು ಹತ್ತಿದೆ. ಹೋದವನು ರಟ್ಟನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತೆ. ಚಿಕ್ಕಪ್ಪನೇ ಕೇಳಿದರು.

"ಲೇ, ಈ ಲೆಕ್ಕ ಯಾರ್ ಕೈಗೆ ಕಟ್ಟಿದ್ದು?"

"ಯಾರ ಕೈಗೂ ಅಲ್ಲ ಚಿಕ್ಕಪ್ಪಾ. ಅದು ತಪ್ಪೇ ಮಾಡದ ಕೈ ಅಂದ್ಕೊಂಡು ಲೆಕ್ಕ ಹಾಕ್ತದೆ."

"ಅಂಥ ಕೈ ನಮ್ಮಪ್ಪಂಗೂ ಇರ್ನಿಲ್ಲ ಕಣ್ಲಾ," ಎಂದರು. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಕೊನೆಗೆ ತೆಗೆದು ಮೇಜಿನ ಮೇಲಿಟ್ಟರು. ಬೆರಳುಗಳು ನಡುಗುತ್ತಿದ್ದವು. "ಇದ್ನ ಆಕು ನಿನ್ ಯಂತ್ರಕ್ಕೆ."

ಹಾಕಬಹುದಿತ್ತು. ಕೈ ಎಷ್ಟು ನಿಧಾನ, ನೂರಕ್ಕೆ ಎಷ್ಟು ಸಲ ತಪ್ಪುತ್ತದೆ ಎಂದು ಬರೆಯಲು ಅದರಲ್ಲಿ ಜಾಗವಿದೆ. ಅಲ್ಲಿಯವರೆಗೆ ನಾನು ಅದನ್ನು ಮುಟ್ಟಿರಲಿಲ್ಲ. ನಾನು ಹೇಳಿದ ಬಟನ್ನನ್ನು ಚಿಕ್ಕಪ್ಪ ನೂರು ಸಲ ಒತ್ತಿದರು, ಮೂವತ್ತೊಂದು ತಪ್ಪಿತು. ಬರೆದುಕೊಳ್ಳಲು ಹೋದರೆ ತಡೆದರು. ಚಿನ್ನ ಪರೀಕ್ಷೆ ಮಾಡುವಾಗ ಅಕ್ಕಸಾಲಿಗರು ಬಂದ ಒಡವೆಯನ್ನು ಮಾತ್ರ ಒರೆಗಲ್ಲಿಗೆ ಉಜ್ಜುವುದಿಲ್ಲ. ಮಟ್ಟ ಗೊತ್ತಿರುವ ಇನ್ನೊಂದು ಚೂರನ್ನೂ ಪಕ್ಕದಲ್ಲಿ ಉಜ್ಜಿ, ಎರಡು ಗೆರೆಯನ್ನೂ ಹೋಲಿಸಿ ನೋಡುತ್ತಾರೆ.

"ಬರೀ ನಂದೊಂದೇ ಉಜ್ಜುದ್ರೆ ಏನ್ ಗೊತ್ತಾಗ್ತದೆ? ಪಕ್ಕದಲ್ಲಿ ನಿಂದೂ ಉಜ್ಜು," ಎಂದರು.

ಮಟ್ಟ ಗೊತ್ತಿರುವ ಚಿನ್ನ ನಾನೇ ತಾನೆ ಎಂದು ಬೀಗುತ್ತ ಕೂತೆ. ನೂರರಲ್ಲಿ ಹದಿನಾಲ್ಕು ತಪ್ಪಿತು. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ನನ್ನ ಪಾತ್ರಕ್ಕೂ ನನ್ನದಲ್ಲದ ಕೈಯಿಂದಲೇ ಲೆಕ್ಕ ಹಾಕಿಕೊಂಡು ಬಂದಿದ್ದೆ ನೋಡಿ!

ನಿಜವಾದ ಕೈಯನ್ನು ಹೇಳಿದ ಮೇಲೆ ಯಂತ್ರ ಬೇರೆಯೇ ಹಾಡಿತು. ಚೂರಿ ಬೇಡ, ಭಾರದ ಬಿಲ್ಲು. ಹನ್ನೆರಡಲ್ಲ, ನಾಲ್ಕೇ ಬಟನ್. ಬಾಣಕ್ಕೆ ವಿಷ ಸವರಿ ಒಂದು ಸಲ ನೆಟ್ಟರೆ, ಕೈ ಸುಮ್ಮನಿದ್ದರೂ ವಿಷ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಚಿಕ್ಕಪ್ಪ ವಾರವಿಡೀ ಅಭ್ಯಾಸ ಮಾಡಿದರು.

ಆ ಭಾನುವಾರ ಆಮೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಸುಟ್ಟಿತು. ಚಿಕ್ಕಪ್ಪನ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ನಾನೂ ಸತ್ತೆ, ಸವಿತಳೂ ಸತ್ತಳು. ಕಡೆಯಲ್ಲಿ "ಪದ್ಮ ಸತ್ಲು!" ಎಂಬ ಕೂಗು. ಸವಿತಳ ಮೈಕಿನಲ್ಲಿ ಹಸು ಕೂಗಿತು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ, ಎದುರಿಗೆ ಯಾರೂ ಇಲ್ಲದೆ ನಿಂತಿದ್ದ ಆಮೆ ಪದ್ಮಳ ವಿಷಕ್ಕೆ ದೊಪ್ಪನೆ ಮಗುಚಿಕೊಂಡಿತು. ಹತ್ತು ಹೆಣಗಳೂ ಒಟ್ಟಿಗೆ ಕುಣಿದಾಡಿದೆವು.

"ಏನ್ ಮಾಡುದ್ರಿ ಚಿಕ್ಕಪ್ಪಾ? ಎಲ್ಲರಿಗಿಂತ ನಿಮ್ ಏಟೇ ಜಾಸ್ತಿ ಅದೆ!" ಎಂದಳು ಸವಿತ.

ಚಿಕ್ಕಪ್ಪ ಮೈಕಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ, "ನನ್ ಕೈ ನಡುಗ್ತದೆ ಕಣವ್ವ. ಅದ್ನೂ ಲೆಕ್ಕಕ್ ತಕ್ಕಂಡೋ, ಅಷ್ಟೆ," ಎಂದರು.

ಬಾಗಿಲಲ್ಲಿ ಚಿಕ್ಕಮ್ಮ ಕಾಫಿ ಹಿಡಿದು ನಿಂತಿದ್ದರು. ನಾನು ಗಾಬರಿಯಿಂದ ಅವರ ಮುಖ ನೋಡಿದೆ.

"ಅಬ್ಬಾ, ಕೊನ್ಗೂ ಬಾಯ್ಬುಟ್ಟು ಏಳುದ್ಯಲ್ಲ," ಎಂದರು ಅವರು. "ಚೆಲ್ಲಿಕೊಂಡ್ಬುಡ್ತೀಯ ಅಂತ ಎರಡ್ ವರ್ಷದಿಂದ ಅರ್ಧ ಲೋಟನೇ ಕೊಡ್ತಾ ಇವ್ನಿ."

ಇಬ್ಬರೂ ಡಾಕ್ಟರ ಹತ್ತಿರ ಹೋದರು. ಮಾತ್ರೆಯಿಂದ ನಡುಕ ಎಷ್ಟೋ ತಗ್ಗಿತು, ಪೂರ್ತಿ ಹೋಗಲಿಲ್ಲ. ತಂಡದಲ್ಲಿ ಅವರ ಜಾಗ ಅಲುಗಲಿಲ್ಲ. ನಾಗಮಂಗಲದವರು ಬೇರೊಬ್ಬರು ಬಿಟ್ಟ ಜಾಗಕ್ಕೆ ಬಂದರು. ಈಗ ನಮ್ಮಲ್ಲಿ ಒಂದು ಪದ್ಧತಿಯಾಗಿದೆ: ಯುಗಾದಿ ಆದ ಮೇಲಿನ ಭಾನುವಾರ ಎಲ್ಲರೂ ನೂರು ಸಲ ಒತ್ತಿ, ತಪ್ಪಿದ ಲೆಕ್ಕವನ್ನು ಬಾಯಿಬಿಟ್ಟು ಹೇಳಬೇಕು. ಈ ಸಲ ನನ್ನದು ಇಪ್ಪತ್ತೆರಡಾಯಿತು. ತಮಾಷೆಯಾಗಿಯೇ ಹೇಳಿದೆ. ಚಿಕ್ಕಪ್ಪ ನಗಲಿಲ್ಲ.

"ಬುಧವಾರ ಬಾ. ನಮ್ ಡಾಕ್ಟ್ರತ್ರ ಓಗವ," ಎಂದರು.

ನಾಳೆಯೇ ಬುಧವಾರ. ಇವತ್ತು ಕಚೇರಿಯಲ್ಲಿ ರಜೆ ಅರ್ಜಿ ತುಂಬುತ್ತ, ಕಾರಣ ಎಂದಿರುವ ಕಡೆ ನನಗೇ ಗೊತ್ತಿಲ್ಲದೆ 'ಕಣ್ಣಿನ ತಪಾಸಣೆ' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ, 'ಕೈ' ಎಂದು ಬರೆದು ಸಹಿ ಮಾಡಿದೆ.