ಗೇರ್ ರಾಡಿನ ಬುಡದ ರಬ್ಬರು

ನಲವತ್ತೆರಡು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿ ನನ್ನ ಗಂಡ ಓರ್ಲಿನ್ ಗಳಿಸಿದ್ದು ಎರಡೇ: ಅರೆ ಕಿವುಡು, ಪೂರಾ ನಿಷ್ಠುರ. ಯಂತ್ರದ ವಿಷಯದಲ್ಲಿ ಒಂದು ದಿನವೂ ಸುಳ್ಳು ಹೇಳಿದವನಲ್ಲ. ನಮ್ಮ ಪಾದ್ರಿಗೇ, ಚರ್ಚಿನ ಮೆಟ್ಟಿಲ ಮೇಲೆ, ಹತ್ತು ಜನರೆದುರು, "ಇಂಜಿನ್ ತಾನಾಗಿ ಸಾಯಲಿಲ್ಲ, ಆಯಿಲ್ ಬದಲಾಯಿಸದೆ ನೀವೇ ಕೊಂದಿರಿ" ಅಂದುಬಿಟ್ಟಿದ್ದ. ನಾಚಿಕೆಗೆ ನಾನು ತಿಂಗಳುಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತೆ.

ನವೆಂಬರ್ ಕೊನೆಗೆ, ಬಕೆಟ್ಟಿನ ನೀರು ಗಡ್ಡೆ ಕಟ್ಟುವಂಥ ಮೊದಲ ಚಳಿ ಬಿದ್ದ ಬೆಳಿಗ್ಗೆ, ಪಕ್ಕದ ಗುಡ್ಡದ ಡೆಲ್ಬರ್ಟ್ ಆಸೆನ್ ದನಗಳಿಗೆ ಹುಲ್ಲು ಹೇರಿಕೊಂಡು ಹಳೇ ಟ್ರ್ಯಾಕ್ಟರಿನಲ್ಲಿ ಇಳಿಜಾರು ಇಳಿದ. ತಿರುವಿನಲ್ಲಿ ಗಾಡಿ ತಿರುಗಲೂ ಇಲ್ಲ, ನಿಲ್ಲಲೂ ಇಲ್ಲ. ನೇರ ಒಣ ಕೊರಕಲಿಗೆ ಬಿತ್ತು. ಡೆಲ್ಬರ್ಟ್ ಅದರಡಿ ಸಿಕ್ಕಿ ಸತ್ತ.

ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಹೀರುತ್ತಾ ಜನ ಶುರು ಮಾಡಿದರು. ಬೆನ್ನಿನ ಆಪರೇಷನ್ ಆದಮೇಲೆ ಮಾತೇ ಬಿಟ್ಟಿದ್ದನಂತೆ, ದಾರಿಯಲ್ಲಿ ಬ್ರೇಕ್ ಹಿಡಿದ ಗುರುತೇ ಇಲ್ಲವಂತೆ. ಥೂ, ಅವರ ನಾಲಿಗೆಗಿಷ್ಟು! ಪಕ್ಕದ ಮೇಜಿನಲ್ಲೇ ಇದ್ದ ಅವನ ಹೆಂಡತಿ ಲವಾನ್‌ಗೆ ಎಲ್ಲಾ ಕೇಳಿಸಿತು. ಅವಳು ಎದ್ದು ಓರ್ಲಿನ್ ಹತ್ತಿರ ಬಂದಳು.

"ಟ್ರ್ಯಾಕ್ಟರ್ ನಿನ್ನ ಶೆಡ್ಡಿಗೆ ಕಳಿಸ್ತೀನಿ. ಅವನು ಬೇಕಂತಲೇ ಹೋದನಾ, ಇಲ್ವಾ? ಅದೊಂದು ಹೇಳು ನನಗೆ."

ಓರ್ಲಿನ್ ಮೊದಲು ಗೇರ್ ಆಯಿಲಿನ ಅಳತೆ ಕಡ್ಡಿ ಎಳೆದು ನೋಡಿದ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಒಂದು ಹನಿ ತಂದು ನನ್ನ ಒಲೆಯ ಕಾದ ತಗಡಿನ ಮೇಲೆ ಬಿಟ್ಟ, ಚಟಪಟ ಸಿಡಿಯಿತು.

"ನೀರು," ಅಂದ.

"ನನ್ನ ಒಲೆಯೇ ಬೇಕಿತ್ತಾ ಮಾರಾಯ?" ಅಂದೆ.

ಆಮೇಲೆ ಅಡಿಯ ತಿರುಪು ಬಿಚ್ಚಿದ. ಹನಿಯೂ ಇಳಿಯಲಿಲ್ಲ. ಒಂದು ಗಂಟೆ ಹೀಟರ್ ಹಿಡಿದ ಮೇಲೆ ಮೊದಲು ಬಂದದ್ದು ತಿಳಿನೀರು, ಎರಡು ಉಪ್ಪಿನಕಾಯಿ ಬಾಟಲಿ ತುಂಬುವಷ್ಟು. ಹಿಂದೆಯೇ ಆಯಿಲ್. ಆ ಹಳೇ ಗಾಡಿಯ ಸ್ಟೀರಿಂಗು, ಬ್ರೇಕು ಎರಡಕ್ಕೂ ಜೀವ ಆ ಆಯಿಲೇ. ಪಂಪು ಅದನ್ನು ಹೀರುವ ಬಾಯಿಗೇ ಮಂಜುಗಡ್ಡೆ ಅಡ್ಡ ಕೂತಿತ್ತು. ಪಾಪ, ಡೆಲ್ಬರ್ಟ್ ಬ್ರೇಕ್ ಎಷ್ಟು ಒತ್ತಿದ್ದನೋ.

ನೀರು ಹೊಕ್ಕಿದ್ದೆಲ್ಲಿಂದ? ಹಳೇ ಗಾಡಿ ಚಳಿಗೆ ತೇವ ಹನಿಗಟ್ಟಿ ಒಳಗೇ ಬೆವರುತ್ತೆ, ಆದರೆ ಅದು ಚಮಚದ ಲೆಕ್ಕ. ಓರ್ಲಿನ್ ಸೀಟಿನ ಮುಂದೆ ಬಗ್ಗಿದ. ಗೇರ್ ರಾಡಿನ ಬುಡಕ್ಕೆ ಟೋಪಿ ಹಾಕಿದಂತಿರುವ ರಬ್ಬರು ಹರಿದಿತ್ತು. ಸುತ್ತಲಿನ ಪೇಂಟು ಊಟದ ತಟ್ಟೆಯ ಹಾಗೆ ಲಕಲಕ ಅನ್ನುತ್ತಿತ್ತು.

ನಾನೂ ನೋಡಿದೆ. ನಮ್ಮ ಕಡೆ ಸೆಪ್ಟೆಂಬರಿನಲ್ಲಿ ಹಳೇ ಟ್ರ್ಯಾಕ್ಟರುಗಳ ಮೆರವಣಿಗೆ. ಒಂದು ಮಣ್ಣಿನ ಕಲೆ ಉಳಿದರೂ ಮನೆ ಹೆಂಗಸಿಗೇ ಮಾತು. ಅವರ ಮನೆಯಲ್ಲಿ ಸಂದಿಗೊಂದಿಗೆಲ್ಲ ಜೋರು ನೀರಿನ ಪೈಪು ಹಿಡಿದು ತೊಳೆಯುವವಳು ಲವಾನ್.

"ಅವಳಿಗೆ ಇದನ್ನ ಹೇಳಿದ್ರೆ ನೋಡು!" ಅಂದೆ.

ಅವನು ರಬ್ಬರು ಕಿತ್ತು ಜೇಬಿಗೆ ತುರುಕಿದ.

ಮೂರನೇ ದಿನ ಬೆಳಿಗ್ಗೆ ಲವಾನ್ ಬಂದಳು, ಸಾವಿನ ಮನೆಗೆ ನಾನು ಕೊಟ್ಟಿದ್ದ ಅಡುಗೆ ಟ್ರೇ ತೊಳೆದು ವಾಪಸ್ ಕೊಡಲು. ಅದರ ತಳಕ್ಕೆ ಅಂಟಿಸಿದ್ದ ನನ್ನ ಹೆಸರಿನ ಚೀಟಿ ಹಾಗೇ ಇತ್ತು. ಅವಳು ಕೂರಲಿಲ್ಲ.

"ಬೇಕಂತ ಹೋಗಿಲ್ಲ," ಅಂದ ಓರ್ಲಿನ್. "ಆಯಿಲಿನಲ್ಲಿ ನೀರಿತ್ತು, ಗಡ್ಡೆ ಕಟ್ಟಿತು. ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಅವನ ಕೈಲಿ ಏನೂ ಇರಲಿಲ್ಲ."

ಅವಳು ಕುರ್ಚಿಗೆ ಕುಸಿದು ಗಳಗಳ ಅತ್ತಳು. ನಾನೂ ಅತ್ತೆ.

"ನೀರು ಹ್ಯಾಗೆ ಬಂತು?"

"ಹಳೇ ಗಾಡಿ. ಬೆವರುತ್ತೆ," ಅಂದ ನನ್ನ ಗಂಡ. ನಲವತ್ತೆರಡು ವರ್ಷದಲ್ಲಿ ಅದೊಂದೇ ಸುಳ್ಳು. ಅವನನ್ನು ಕಟ್ಟಿಕೊಂಡದ್ದಕ್ಕೆ ಅವತ್ತಿನಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಲವಾನ್ ಮುಖ ಒರೆಸಿಕೊಂಡಳು. ಎರಡು ಕಪ್ ಕಾಫಿ ಕುಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಅಂದಳು, "ಇನ್ನೊಂದು ಟ್ರ್ಯಾಕ್ಟರ್ ಇದೆಯಲ್ಲ, ಇದರದೇ ಜೊತೆದು, ಇವತ್ತಿಂದ ಟ್ರೂಡಿ ಅದರಲ್ಲೇ ಹುಲ್ಲು ಹೊಡೀತಾಳೆ. ಮೆರವಣಿಗೆಗೆ ಎರಡನ್ನೂ ಎಷ್ಟು ಚೆಂದ ತೊಳೆದಿದ್ದೆ! ಡೆಲ್ಬರ್ಟ್ ಊರೆಲ್ಲಾ ಹೇಳ್ಕೊಂಡು ತಿರುಗಿದ್ದ."

ಟ್ರೂಡಿ ಅವಳ ಮಗಳು. ಇರುವುದೊಬ್ಬಳೇ.

ಓರ್ಲಿನ್ ನನ್ನ ಕಡೆ ನೋಡಿದ. ನಾನು ತಲೆ ಬಗ್ಗಿಸಿದೆ. ಅವನು ಜೇಬಿನಿಂದ ರಬ್ಬರು ತೆಗೆದು ಮೇಜಿನ ಮೇಲಿಟ್ಟ.

"ಅದನ್ನ ಸ್ಟಾರ್ಟ್ ಮಾಡಬೇಡ ಅನ್ನು, ಲವಾನ್. ಬೆವರಲ್ಲ. ನೀರು ಇಲ್ಲಿಂದ ಇಳಿದಿದೆ."

ಅವಳು ಅದನ್ನೆತ್ತಿಕೊಂಡು ಹರಿದ ಕಡೆ ಬೆರಳು ತೂರಿಸಿದಳು. "ಪೈಪು ಹಿಡಿದದ್ದು ನಾನೇ," ಅಂದಳು. ಆಮೇಲೆ ನಮ್ಮ ಗೋಡೆಯ ಫೋನ್ ತೆಗೆದು ಮನೆಗೆ ಹಚ್ಚಿದಳು.

"ಟ್ರೂಡಿ, ಟ್ರ್ಯಾಕ್ಟರ್ ಮುಟ್ಟಬೇಡ. ಯಾಕೆ ಏನು ಅಂತ ಕೇಳಬೇಡ, ಮುಟ್ಟಬೇಡ ಅಷ್ಟೇ."

ಫೋನ್ ಇಟ್ಟಳು. ರಬ್ಬರು ಇನ್ನೂ ಕೈಯಲ್ಲೇ ಇತ್ತು.

"ಓರ್ಲಿನ್," ಅಂದಳು, "ಅವನೇ ಬೇಕಂತ ಹೋದ ಅಂತ ಹೇಳಬಹುದಿತ್ತಲ್ಲ ನೀನು."